ಎಲ್ಲರ ಕೈಯಲ್ಲಿರುವ ಡೆಕ್, ಗೆಲ್ಲುವ ಡೆಕ್

ಕಳೆದ ಮಳೆಗಾಲದಲ್ಲಿ ಸೆಮಿಸ್ಟರ್ ರಜೆಗೆ ಊರಿಗೆ ಹೋಗಿದ್ದೆ. ಊರು ಅಂದರೆ ಹುಲಿಕಲ್. ಹೊಸನಗರ ತಾಲ್ಲೂಕಿನ ಅಂಚು, ಅಲ್ಲಿಂದ ಮುಂದೆ ಘಾಟಿ, ಘಾಟಿ ಇಳಿದರೆ ಕರಾವಳಿ. ಮಳೆಗಾಲ ಬಂದರೆ ‘ಹುಲಿಕಲ್‌ನಲ್ಲಿ ಇಷ್ಟು ಮಿ.ಮೀ. ಮಳೆ’ ಎಂದು ಪತ್ರಿಕೆಯಲ್ಲಿ ಬರುತ್ತದಲ್ಲ, ಅದೇ ಊರು. ಮರ ಬಿದ್ದು ಕಂಬ ಮುರಿದರೆ ಮೂರು ದಿನ ಕರೆಂಟಿಲ್ಲ. ಮನೆಯಲ್ಲಿ ನೆಟ್‌ವರ್ಕ್ ಇಲ್ಲ, ಹಿಂದಿನ ಗುಡ್ಡ ಹತ್ತಿದರೆ ಎರಡು ಕಡ್ಡಿ ಸಿಗುತ್ತದೆ. ಆ ಗುಡ್ಡದ ಮೇಲೆ ಕೊಡೆ ಹಿಡಿದು, ಇಂಬಳ ಕೀಳುತ್ತಾ, ನಾನು ಮೊಬೈಲಿನಲ್ಲಿ ಹತ್ತು ಆಟ ಆಡಿದೆ. ಎಂಟು ಸೋತೆ.

ಸೋತದ್ದಕ್ಕಿಂತ ಹೆಚ್ಚು ಬೇಸರವಾಗಿದ್ದು ಬೇರೆ ಕಾರಣಕ್ಕೆ. ನಾನು ಆಡುತ್ತಿದ್ದದ್ದು ಆ ವಾರ ಎಲ್ಲರೂ ‘ಇದೇ ಬೆಸ್ಟ್’ ಅನ್ನುತ್ತಿದ್ದ ಡೆಕ್. ಅದನ್ನು ಕಟ್ಟಲು ಒಂದು ವರ್ಷ ಕೂಡಿಟ್ಟದ್ದನ್ನೆಲ್ಲ ಸುರಿದಿದ್ದೆ. ಬೆಸ್ಟ್ ಡೆಕ್ ಹಿಡಿದರೂ ಯಾಕೆ ಸೋಲುತ್ತಿದ್ದೇನೆ? ಈ ಪ್ರಶ್ನೆಗೆ ಉತ್ತರ ಹುಡುಕಲು ಹೋದವನಿಗೆ ಸಿಕ್ಕಿದ್ದು ಆಟದ ಗುಟ್ಟು ಮಾತ್ರವಲ್ಲ. ನಮ್ಮ ಕಾಲೇಜಿನಲ್ಲಿ, ನಮ್ಮ ತೋಟದಲ್ಲಿ, ನಾವು ಕೆಲಸ ಹುಡುಕುವ ರೀತಿಯಲ್ಲಿ ನಡೆಯುತ್ತಿರುವುದೂ ಇದೇ ಅನ್ನಿಸಿತು. ಅದಕ್ಕೇ ಈ ಬರಹ.

ಇದು ಇಸ್ಪೀಟಲ್ಲ

ಆಟದ ಹೆಸರು ಹಾರ್ತ್‌ಸ್ಟೋನ್. ಬ್ಲಿಝಾರ್ಡ್ ಕಂಪನಿ 2014ರಲ್ಲಿ ಹೊರತಂದ ಡಿಜಿಟಲ್ ಕಾರ್ಡ್ ಆಟ. ಕಾರ್ಡ್ ಅಂದ ತಕ್ಷಣ ನಮ್ಮ ಮನೆಗಳಲ್ಲಿ ‘ಇಸ್ಪೀಟು ಕುಟ್ಟುವುದಕ್ಕಾ ಓದಿಸಿದ್ದು?’ ಎಂಬ ಮಾತು ಬಂದೇ ಬರುತ್ತದೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಇದರಲ್ಲಿ ಪಣ ಕಟ್ಟುವುದಿಲ್ಲ. ದುಡ್ಡು ಹಚ್ಚಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್ ಅನ್ನು ಬೇರೆಯಾಗಿ ಗುರುತಿಸುವ ಕಾನೂನು 2025ರ ಆಗಸ್ಟ್‌ನಲ್ಲಿ ಸಂಸತ್ತಿನಲ್ಲಿ ಅಂಗೀಕಾರವಾಗಿದೆ. ಅದಕ್ಕೂ ಮುಂಚೆ ನಮ್ಮ ರಾಜ್ಯವೇ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತ್ತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಅಂಶಗಳನ್ನು ರದ್ದು ಮಾಡಿತು. ಆ ಚರ್ಚೆ ಬೇರೆ. ನಾನು ಹೇಳುತ್ತಿರುವುದು ಚೆಸ್‌ನಂತೆ ತಲೆ ಓಡಿಸಿ ಆಡುವ ಆಟದ ಬಗ್ಗೆ. ಕಾರ್ಡ್ ಪ್ಯಾಕ್ ಕೊಳ್ಳಲು ಇಲ್ಲಿಯೂ ಜನ ದುಡ್ಡು ಸುರಿಯುತ್ತಾರೆ, ಆ ಎಚ್ಚರ ಬೇಕೇ ಬೇಕು.

ನಿಯಮ ಸರಳ. ನೂರಾರು ಕಾರ್ಡ್‌ಗಳಲ್ಲಿ 30 ಆರಿಸಿ ಒಂದು ಡೆಕ್ ಕಟ್ಟಿಕೊಳ್ಳಬೇಕು. ಒಂದೇ ಕಾರ್ಡ್ ಹೆಚ್ಚೆಂದರೆ ಎರಡು ಸಲ, ಲೆಜೆಂಡರಿ ಕಾರ್ಡ್ ಒಂದೇ ಸಲ. ಎದುರಾಳಿಯೂ ಹಾಗೆಯೇ ಕಟ್ಟಿಕೊಂಡು ಬಂದಿರುತ್ತಾನೆ. ಗೆದ್ದರೆ ಕಂಚು, ಬೆಳ್ಳಿ, ಚಿನ್ನ ಎಂದು ಮೆಟ್ಟಿಲು ಹತ್ತುತ್ತೀರಿ. ತಿಂಗಳು ಮುಗಿದರೆ ಎಲ್ಲರನ್ನೂ ಮತ್ತೆ ಕೆಳಗಿಳಿಸುತ್ತಾರೆ.

ಯಾವ ಡೆಕ್ ಎಷ್ಟು ಜನ ಆಡುತ್ತಿದ್ದಾರೆ, ಯಾವುದು ಎಷ್ಟು ಗೆಲ್ಲುತ್ತಿದೆ ಎಂಬ ಲೆಕ್ಕವನ್ನು ಕೆಲವು ತಾಣಗಳು ಇಡುತ್ತವೆ. ಆಟಗಾರರು ಕಂಪ್ಯೂಟರಿನಲ್ಲಿ ಹಾಕಿಕೊಂಡ ಟ್ರ್ಯಾಕರ್‌ಗಳಿಂದ ಲಕ್ಷಗಟ್ಟಲೆ ಆಟಗಳ ಮಾಹಿತಿ ಬರುತ್ತದೆ. ಈ ಇಡೀ ವಾತಾವರಣಕ್ಕೆ ಆಟಗಾರರು ಇಟ್ಟ ಹೆಸರು ‘ಮೆಟಾ’. ಡೆಕ್ ಕೋಡ್ ಕಾಪಿ ಮಾಡಿ ಪೇಸ್ಟ್ ಮಾಡಿದರೆ ಜಗತ್ತಿನ ಅತ್ಯುತ್ತಮ ಆಟಗಾರನ ಡೆಕ್ ಅರೆಕ್ಷಣದಲ್ಲಿ ನಿಮ್ಮದು. ನಾನು ಮಾಡಿದ್ದೂ ಅದನ್ನೇ.

ಲೆಕ್ಕ ಹಾಕಿದರೆ ಗೊತ್ತಾಗುತ್ತದೆ

ಜನಪ್ರಿಯತೆ ಒಂದು, ಗೆಲುವಿನ ಪ್ರಮಾಣ ಇನ್ನೊಂದು. ಎರಡನ್ನೂ ನಾವು ಒಂದೇ ಅಂದುಕೊಳ್ಳುತ್ತೇವೆ. ಪೆನ್ನು ಹಿಡಿದು ನೋಡೋಣ.

ಅ, ಆ, ಇ ಎಂಬ ಮೂರೇ ಡೆಕ್ ಇವೆ ಎಂದುಕೊಳ್ಳಿ. ಅ ಡೆಕ್ ಆ ಎದುರು ನೂರಕ್ಕೆ 60 ಸಲ ಗೆಲ್ಲುತ್ತದೆ. ಆ ಡೆಕ್ ಇ ಎದುರು 60 ಸಲ, ಇ ಡೆಕ್ ಅ ಎದುರು 60 ಸಲ. ಅದೇ ಡೆಕ್ ಎದುರು ಬಂದರೆ 50-50. ಈಗ ಆಟಗಾರರಲ್ಲಿ ಅರ್ಧದಷ್ಟು ಜನ ಅ ಆಡುತ್ತಿದ್ದಾರೆ, ಶೇ 30 ಜನ ಆ, ಶೇ 20 ಜನ ಇ. ಗುಣಿಸಿ ಕೂಡಿದರೆ ಅ ಡೆಕ್‌ನ ಗೆಲುವು ಶೇ 51. ಆ ಡೆಕ್‌ನದ್ದು 47. ಇ ಡೆಕ್‌ನದ್ದು 52. ಅಂದರೆ ಅತಿ ಹೆಚ್ಚು ಜನ ಆಡುವುದು ಅ, ಅತಿ ಹೆಚ್ಚು ಗೆಲ್ಲುವುದು ಅತಿ ಕಡಿಮೆ ಜನ ಆಡುವ ಇ.

ಈ ಸುದ್ದಿ ಹಬ್ಬಿತು. ಜನ ಇ ಕಡೆ ಓಡಿದರು. ಈಗ ಅರ್ಧ ಜನ ಇ ಆಡುತ್ತಿದ್ದಾರೆ, ಶೇ 30 ಜನ ಅ, ಶೇ 20 ಜನ ಆ. ಮತ್ತೆ ಲೆಕ್ಕ ಹಾಕಿ. ಇ 52ರಿಂದ 51ಕ್ಕೆ ಇಳಿಯಿತು. ಮೊನ್ನೆಯವರೆಗೆ ರಾಜನಾಗಿದ್ದ ಅ 47ಕ್ಕೆ ಬಿತ್ತು. ಯಾರೂ ಕಣ್ಣೆತ್ತಿ ನೋಡದಿದ್ದ ಆ 52ಕ್ಕೆ ಏರಿತು. ಗಮನಿಸಿ, ಇಲ್ಲಿ ಒಂದು ಕಾರ್ಡೂ ಬದಲಾಗಿಲ್ಲ. ಬದಲಾಗಿದ್ದು ಜನ ಮಾತ್ರ.

ಗುಡ್ಡದ ಮೇಲೆ ನಾನು ಸೋತದ್ದು ಹೀಗೆ. ನಾನು ಡಸ್ಟ್ ಕೂಡಿಟ್ಟು ಡೆಕ್ ಕಟ್ಟಿ ಮುಗಿಸುವ ಹೊತ್ತಿಗೆ ಅದನ್ನು ಹೊಡೆಯುವ ಡೆಕ್‌ಗಳು ಎಲ್ಲರ ಕೈಯಲ್ಲಿದ್ದವು. ಪಟ್ಟಿ ಕಂಡದ್ದು ಹೋದ ವಾರದ ಸತ್ಯ, ನಾನು ಆಡಿದ್ದು ಈ ವಾರ.

ಇದರ ಮೇಲೆ ಕಂಪನಿಯ ಕೈಚಳಕವೂ ಸೇರುತ್ತದೆ. ಒಂದು ಡೆಕ್ ಮಿತಿಮೀರಿ ಗೆದ್ದರೆ ಅದರ ಕಾರ್ಡ್‌ಗಳ ಬಲ ಇಳಿಸುತ್ತಾರೆ. ಆಟಗಾರರು ಇದಕ್ಕೆ ‘ನರ್ಫ್’ ಅನ್ನುತ್ತಾರೆ. 2014ರಲ್ಲಿ ಅಂಡರ್‌ಟೇಕರ್ ಎಂಬ ಒಂದೇ ಅಂಕದ ಪುಟ್ಟ ಕಾರ್ಡ್ ಇಡೀ ಆಟವನ್ನು ಆಳಿತ್ತು. 2015ರ ಜನವರಿಯಲ್ಲಿ ಅದರ ಬಲ ಕತ್ತರಿಸಿದರು, ಆ ಕಾರ್ಡ್ ಮೂಲೆ ಸೇರಿತು. 2020ರ ಏಪ್ರಿಲ್‌ನಲ್ಲಿ ಡೀಮನ್ ಹಂಟರ್ ಎಂಬ ಹೊಸ ವರ್ಗ ಬಂದಾಗಲಂತೂ ಒಂದೆರಡು ದಿನದಲ್ಲೇ ಅದರ ಕಾರ್ಡ್‌ಗಳನ್ನು ದುರ್ಬಲಗೊಳಿಸಬೇಕಾಯಿತು. 2016ರಿಂದ ಪ್ರತಿವರ್ಷ ಹಳೆಯ ಕಾರ್ಡ್‌ಗಳ ಒಂದು ಗುಂಪನ್ನೇ ಮುಖ್ಯ ಸ್ಪರ್ಧೆಯಿಂದ ಹೊರಗಿಡುತ್ತಾರೆ.

ಇನ್ನೊಂದು ಸಂಗತಿ ನನಗೆ ಚೆನ್ನಾಗಿ ತಟ್ಟಿತು. ಒಂದು ಲೆಜೆಂಡರಿ ಕಾರ್ಡ್ ಮಾಡಿಕೊಳ್ಳಲು 1,600 ಡಸ್ಟ್ ಬೇಕು. ಬೇಡವೆಂದು ಒಡೆದರೆ ಕೈಗೆ ಬರುವುದು 400. ನರ್ಫ್ ಆದ ಕಾರ್ಡಿಗೆ ಕೆಲವು ದಿನ ಪೂರ್ತಿ ಡಸ್ಟ್ ಹಿಂದಿರುಗಿಸುತ್ತಾರೆ, ನಿಜ. ಆದರೆ ಅದರ ಜೊತೆಗೆ ಕಟ್ಟಿಕೊಂಡ ಉಳಿದ ಕಾರ್ಡ್‌ಗಳಿಗೆ ಆ ಭಾಗ್ಯವಿಲ್ಲ. ಆಟದಲ್ಲಾದರೂ ಕಾಲು ಭಾಗ ವಾಪಸ್ ಬರುತ್ತದೆ. ಹೊರಗೆ?

ವೆನಿಲಾ ಬಳ್ಳಿ ಮತ್ತು ಬ್ರಾಂಚ್

ಹೊರಗಿನ ಕಥೆ ಹೇಳಿದ್ದು ಅಪ್ಪ. ಒದ್ದೆಯಾಗಿ ಗುಡ್ಡ ಇಳಿದು ಬಂದು ಒಲೆ ಮುಂದೆ ಕೂತಿದ್ದೆ. ಮುಖ ಯಾಕೆ ಹಾಗಿದೆ ಎಂದು ಕೇಳಿದರು. ಆಟದ ವಿಷಯ ಹೇಳಿದೆ. ಬೈಯುತ್ತಾರೆ ಅಂದುಕೊಂಡರೆ ನಕ್ಕುಬಿಟ್ಟರು. ‘ಇದು ನಮ್ಮ ವೆನಿಲಾ ಕಥೆ ಅಲ್ವೇನೋ’ ಅಂದರು.

ನಾನು ಹುಟ್ಟುವುದಕ್ಕೆ ಸ್ವಲ್ಪ ಮುಂಚಿನ ಮಾತು. 2000ದಲ್ಲಿ ಮಡಗಾಸ್ಕರ್‌ಗೆ ಚಂಡಮಾರುತ ಬಡಿದು ಅಲ್ಲಿನ ವೆನಿಲಾ ಬೆಳೆ ಹಾಳಾಯಿತು. ಜಗತ್ತಿಗೆ ವೆನಿಲಾ ಕೊಡುತ್ತಿದ್ದ ದೊಡ್ಡ ತೋಟವೇ ಅದು. ಬೆಲೆ ಆಕಾಶಕ್ಕೆ ಹೋಯಿತು. 2003ರ ಸುಮಾರಿಗೆ ಮಲೆನಾಡಿನಲ್ಲಿ ಹಸಿ ಕೋಡಿಗೇ ಕೆ.ಜಿ.ಗೆ ಸಾವಿರಾರು ರೂಪಾಯಿ. ಅಡಿಕೆ ಮರದ ಬುಡಕ್ಕೆಲ್ಲ ವೆನಿಲಾ ಬಳ್ಳಿ ಬಂತು. ಒಂದೊಂದು ಹೂವಿಗೂ ಕೈಯಿಂದಲೇ ಪರಾಗಸ್ಪರ್ಶ ಮಾಡಬೇಕು. ಬೆಳಿಗ್ಗೆ ಎದ್ದರೆ ಮನೆಮಂದಿಗೆಲ್ಲ ಅದೇ ಕೆಲಸ. ಬಳ್ಳಿ ನೆಟ್ಟು ಫಸಲು ಬರಲು ಮೂರು ವರ್ಷ ಬೇಕಲ್ಲ? ಫಸಲು ಕೈಗೆ ಬರುವ ಹೊತ್ತಿಗೆ ಎಲ್ಲ ಕಡೆಯೂ ಫಸಲು ಬಂದಿತ್ತು, ಮಡಗಾಸ್ಕರ್ ಕೂಡ ಚೇತರಿಸಿಕೊಂಡಿತ್ತು. ಬೆಲೆ ಪಾತಾಳ ಕಂಡಿತು. ‘ಮೊದಲು ಹಾಕಿದವರು ಮನೆ ಕಟ್ಟಿದರು. ಅವರ ಮನೆ ನೋಡಿ ಹಾಕಿದವರು ಬಳ್ಳಿ ಕಿತ್ತರು. ನಾವು ಎರಡನೇ ಸಾಲಿನವರು’ ಎಂದರು ಅಪ್ಪ. ಅಡಿಕೆಯ ಬಗ್ಗೆ ಅವರಿಗೆ ಈಗ ಅದೇ ಅಳುಕು. ಇಲ್ಲಿ ಎಲೆಚುಕ್ಕೆ ರೋಗದಿಂದ ಮರ ಸೊರಗುತ್ತಿದ್ದರೆ, ಬಯಲುಸೀಮೆಯಲ್ಲಿ ಭತ್ತದ ಗದ್ದೆಗಳೇ ಅಡಿಕೆ ತೋಟ ಆಗುತ್ತಿವೆ.

ಅವರು ಹೇಳುತ್ತಿದ್ದಂತೆ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ನನ್ನ ಬ್ರಾಂಚ್. ನಾನು ಓದುತ್ತಿರುವುದು ಎಲೆಕ್ಟ್ರಿಕಲ್ ಆ್ಯಂಡ್ ಎಲೆಕ್ಟ್ರಾನಿಕ್ಸ್. ಸಿಇಟಿ ಆಪ್ಷನ್ ಎಂಟ್ರಿ ಮಾಡುವಾಗ ಎಲ್ಲರಂತೆ ಮೊದಲು ಬರೆದಿದ್ದು ಕಂಪ್ಯೂಟರ್ ಸೈನ್ಸ್, ಆಮೇಲೆ ಅದರ ತಮ್ಮಂದಿರಾದ ಎಐ, ಡೇಟಾ ಸೈನ್ಸ್. ರ‍್ಯಾಂಕ್ ಸಾಲಲಿಲ್ಲ. ಸಿಕ್ಕಿದ್ದನ್ನು ತಗೊಂಡೆ. ಎರಡು ವರ್ಷ ಹಾಸ್ಟೆಲಿನಲ್ಲಿ ‘ಸೋತವರ ಬ್ರಾಂಚ್’ ಎಂಬ ಭಾವನೆಯಲ್ಲೇ ಕಳೆದೆ. ನಮ್ಮ ಸೀನಿಯರ್‌ಗಳ ಕಾಲದಲ್ಲಿ, 2021-22ರಲ್ಲಿ, ಐಟಿ ಕಂಪನಿಗಳು ಕಾಲೇಜಿಗೆ ಬಂದು ರಾಶಿ ರಾಶಿ ಆಫರ್ ಕೊಟ್ಟಿದ್ದವು. ಅದನ್ನು ನೋಡಿ ಸೇರಿದವರು ಹೊರಬರುವ ಹೊತ್ತಿಗೆ ನೇಮಕಾತಿ ತಣ್ಣಗಾಗಿತ್ತು, ಆಫರ್ ಪತ್ರ ಕೈಯಲ್ಲಿಟ್ಟುಕೊಂಡು ಜಾಯಿನಿಂಗ್ ದಿನಾಂಕಕ್ಕಾಗಿ ತಿಂಗಳುಗಟ್ಟಲೆ ಕಾದವರನ್ನು ನಾವೇ ನೋಡಿದ್ದೇವೆ. ವೆನಿಲಾಕ್ಕೆ ಮೂರು ವರ್ಷ, ಬಿ.ಇ.ಗೆ ನಾಲ್ಕು ವರ್ಷ. ನೆಡುವಾಗಿನ ಬೆಲೆ ಕೊಯ್ಯುವಾಗ ಇರುವುದಿಲ್ಲ.

45 ಸಾವಿರದ ಪ್ರಶ್ನೆ

ಇದನ್ನೆಲ್ಲ ಬರೆಯಲು ಕಾರಣವಾದ ಸಂಗತಿ ಇನ್ನೂ ಹೇಳಿಲ್ಲ. ರಜೆಗೆ ಹೋಗಿದ್ದು ಬರೀ ಕಡುಬು ತಿನ್ನಲಿಕ್ಕಲ್ಲ, ಅಪ್ಪನ ಹತ್ತಿರ 45 ಸಾವಿರ ರೂಪಾಯಿ ಕೇಳಲು. ನನ್ನ ರೂಮಿನವರೆಲ್ಲ ಒಂದು ತರಬೇತಿ ಸಂಸ್ಥೆಯ ಎಐ ಕೋರ್ಸ್‌ಗೆ ಸೇರುತ್ತಿದ್ದರು. ‘ಎಲ್ಲರೂ ಸೇರ್ತಿದಾರೆ ಮಾರಾಯ, ನೀನೊಬ್ಬ ಉಳಿದ್ರೆ ಪ್ಲೇಸ್‌ಮೆಂಟ್ ಟೈಮಲ್ಲಿ ನೋಡ್ತಾ ಕೂರ್ಬೇಕಾಗುತ್ತೆ’ ಎಂದು ಗೆಳೆಯ ಹೇಳಿದ್ದ. ಪಾಂಪ್ಲೆಟ್‌ನಲ್ಲಿ ಕೆಲಸ ಸಿಕ್ಕ ಹುಡುಗರ ಫೋಟೊಗಳಿದ್ದವು, ಅಡಿಯಲ್ಲಿ ಪ್ಯಾಕೇಜು. ಅಪ್ಪನ ಹತ್ತಿರ ಅಷ್ಟು ದುಡ್ಡಿಲ್ಲ ಎಂದು ನನಗೆ ಗೊತ್ತಿತ್ತು. ಕೇಳಿದರೆ ಸೊಸೈಟಿಯಲ್ಲಿ ಅಡಿಕೆ ಮೇಲೆ ಸಾಲ ಎತ್ತಿ ಕೊಡುತ್ತಿದ್ದರು ಎಂದೂ ಗೊತ್ತಿತ್ತು. ಕೊಳೆಗೆ ಔಷಧಿ ಹೊಡೆಸಲು ಇಟ್ಟಿದ್ದ ದುಡ್ಡಿಗೂ ಕೈ ಹಾಕುತ್ತಿದ್ದರು.

ವೆನಿಲಾ ಕಥೆ ಕೇಳಿದ ಮೇಲೆ ಬಾಯಿ ಬರಲಿಲ್ಲ. ಮಾರನೆಯ ದಿನ ಗುಡ್ಡ ಹತ್ತಿ, ಆಟ ತೆರೆಯದೆ, ಆ ಸಂಸ್ಥೆಗೆ ಫೋನ್ ಮಾಡಿದೆ. ಕಾರ್ಡ್ ಆಟ ಕಲಿಸಿದ ಮೂರು ಪ್ರಶ್ನೆ ಕೇಳಿದೆ.

ಒಂದು: ಒಟ್ಟು ಎಷ್ಟು ಜನ ಸೇರಿದ್ದರು? ಫೋಟೊದಲ್ಲಿರುವುದು ಗೆದ್ದವರು. ಸೋತವರನ್ನು ಎಣಿಸದೆ ಗೆಲುವಿನ ಪ್ರಮಾಣ ಹೇಳಲು ಸಾಧ್ಯವೇ ಇಲ್ಲ. ಇಪ್ಪತ್ತು ಫೋಟೊ ಇಪ್ಪತ್ತೈದು ಜನರಲ್ಲಿ ಸಿಕ್ಕಿದ್ದೋ, ಐನೂರರಲ್ಲೋ?

ಎರಡು: ಆ ಫಲಿತಾಂಶ ಯಾವ ವರ್ಷದ್ದು? ಹೋದ ಮೆಟಾದ್ದೋ, ಈ ಮೆಟಾದ್ದೋ?

ಮೂರು: ಗೆದ್ದವರು ಈ ಕೋರ್ಸ್‌ನಿಂದ ಗೆದ್ದರೋ, ಮೊದಲೇ ಜಾಣರಾಗಿದ್ದರೋ? ಹಾರ್ತ್‌ಸ್ಟೋನ್ ಅಂಕಿಅಂಶದಲ್ಲೂ ಈ ತೊಡಕಿದೆ. ಟ್ರ್ಯಾಕರ್ ಹಾಕಿಕೊಳ್ಳುವವರು ಆಟವನ್ನು ಗಂಭೀರವಾಗಿ ತೆಗೆದುಕೊಂಡವರು. ಅವರ ಗೆಲುವಿನ ಲೆಕ್ಕ ಹೊಸಬನಿಗೆ ಹಾಗೇ ಅನ್ವಯಿಸುವುದಿಲ್ಲ.

ಆ ಕಡೆಯಿಂದ ಮಾತಾಡುತ್ತಿದ್ದವರು ಸೌಜನ್ಯದಿಂದಲೇ, ‘ಮೊದಲು ಸೀಟ್ ಬ್ಲಾಕ್ ಮಾಡಿ ಸರ್, ಇವತ್ತು ಡಿಸ್ಕೌಂಟ್ ಕೊನೆ ದಿನ’ ಎಂದರು. ಒಂದಕ್ಕೂ ಉತ್ತರ ಬರಲಿಲ್ಲ. ನನಗೆ ಉತ್ತರ ಸಿಕ್ಕಿತು.

ಸಂಖ್ಯೆಯ ವಿಷಯದಲ್ಲಿ ಇನ್ನೊಂದು ಮಾತು. ಒಂದು ಡೆಕ್‌ನಲ್ಲಿ 20 ಆಟ ಆಡಿ 12 ಗೆದ್ದರೆ ಶೇ 60 ಎಂದು ಹಿಗ್ಗುತ್ತೇವೆ. ಮೂರನೇ ಸೆಮಿಸ್ಟರ್‌ನಲ್ಲಿ ಓದಿದ ಸಂಭವನೀಯತೆಯ ಪ್ರಕಾರ, 20 ಆಟಗಳಲ್ಲಿ ಅದೃಷ್ಟವೊಂದೇ ಈ ಕಡೆ ಆ ಕಡೆ ಸುಮಾರು ಶೇ 22ರಷ್ಟು ಎಳೆದಾಡಬಲ್ಲದು. ಸಾವಿರ ಆಟ ಆಡಿದರೆ ಆ ಎಳೆದಾಟ ಶೇ 3ಕ್ಕೆ ಇಳಿಯುತ್ತದೆ. ಎರಡು ಇಂಟರ್‌ವ್ಯೂನಲ್ಲಿ ಫೇಲಾಗಿ ‘ನಾನು ನಾಲಾಯಕ್ಕು’ ಎಂದು ಮೂಲೆ ಹಿಡಿಯುವ ಗೆಳೆಯರೇ, ಎರಡು ಆಟದಿಂದ ಯಾವ ಡೆಕ್‌ನ ಬಲವನ್ನೂ ಅಳೆಯಲಾಗದು. ಪಕ್ಕದ ಮನೆಯವರ ಮಗನೊಬ್ಬನನ್ನು ತೋರಿಸಿ ‘ಅವನು ಆ ಕೋರ್ಸ್ ಮಾಡಿಯೇ ಮೇಲೆ ಬಂದ’ ಅನ್ನುವ ಹಿರಿಯರೇ, ನಿಮ್ಮ ಲೆಕ್ಕದಲ್ಲಿ ಆಡಿದ್ದು ಒಂದೇ ಆಟ.

ಹಾಗಾದರೆ ಉಲ್ಟಾ ಹೋಗಬೇಕಾ?

ಇಲ್ಲ. ಇಲ್ಲೇ ನಾನೂ ಒಂದಷ್ಟು ದಿನ ಎಡವಿದ್ದು. ಎಲ್ಲರೂ ಆಡುವ ಡೆಕ್ ಬೇಡ ಎಂದು ಯಾರೂ ಆಡದ ಡೆಕ್ ಹಿಡಿದೆ. ಇನ್ನೂ ಹೀನಾಯವಾಗಿ ಸೋತೆ. ಬಹಳ ಡೆಕ್‌ಗಳನ್ನು ಯಾರೂ ಆಡದಿರುವುದು ಅವು ಕೆಟ್ಟದಾಗಿರುವುದಕ್ಕೇ. ಮೇಲಿನ ಲೆಕ್ಕದಲ್ಲೂ ನೋಡಿ, ಜನಪ್ರಿಯ ಅ ಡೆಕ್ ಶೇ 51 ಗೆಲ್ಲುತ್ತಿತ್ತು, ಅದೇನೂ ಕೆಟ್ಟದ್ದಲ್ಲ. ಕಂಪ್ಯೂಟರ್ ಸೈನ್ಸ್‌ಗೆ ಜನ ಮುಗಿಬೀಳುವುದು ಮೂರ್ಖತನದಿಂದಲ್ಲ, ಅಲ್ಲಿ ಕೆಲಸಗಳಿವೆ. ಹಾಗೆಂದು ‘ನನ್ನ ಬ್ರಾಂಚ್ ಕಡಿಮೆ ಜನರದ್ದು, ಆದ್ದರಿಂದ ಶ್ರೇಷ್ಠ’ ಎಂದು ನಾನು ಬೀಗಿದರೆ ಅದೂ ಮೋಸವೇ. ನಾನು ಹೇಳುವುದು ಇಷ್ಟೇ: ಎಷ್ಟು ಜನ ಆಡುತ್ತಿದ್ದಾರೆ ಎಂಬುದು ಒಂದು ಮಾಹಿತಿ, ಅದೇ ತೀರ್ಪಲ್ಲ.

ಎರಡನೆಯದು, ಡೆಕ್‌ಗಿಂತ ಕೈ ಮುಖ್ಯ. 2015ರಲ್ಲಿ ಪೇಟ್ರನ್ ವಾರಿಯರ್ ಎಂಬ ಡೆಕ್ ಇತ್ತು. ಪಳಗಿದವರ ಕೈಯಲ್ಲಿ ಅದಕ್ಕೆ ಎದುರೇ ಇಲ್ಲ ಎನ್ನುವ ಹಾಗಿತ್ತು. ಅದನ್ನೇ ನೋಡಿ ಹಿಡಿದ ಹೊಸಬರು ಒದ್ದಾಡುತ್ತಿದ್ದರು. ಪ್ರತಿ ಸರದಿಗೂ ಅಷ್ಟು ಲೆಕ್ಕ ಹಾಕಬೇಕಿತ್ತು. ಅದೇ 30 ಕಾರ್ಡ್, ಫಲಿತಾಂಶ ಮಾತ್ರ ಬೇರೆ ಬೇರೆ. ವಾರಕ್ಕೊಂದು ಡೆಕ್ ಬದಲಿಸುವವನು ಯಾವುದರಲ್ಲೂ ಪಳಗುವುದಿಲ್ಲ. ಒಂದು ತಿಂಗಳು ಜಾವಾ, ಮುಂದಿನ ತಿಂಗಳು ಕ್ಲೌಡ್, ಆಮೇಲೆ ಸೈಬರ್ ಸೆಕ್ಯುರಿಟಿ, ನಡುವೆ ಕೆಪಿಎಸ್‌ಸಿ ಪುಸ್ತಕ. ನಮ್ಮ ಹಾಸ್ಟೆಲಿನ ಕಪಾಟುಗಳಲ್ಲಿ ಮೊದಲ ಎರಡು ಅಧ್ಯಾಯಕ್ಕೆ ಮಾತ್ರ ಗೆರೆ ಎಳೆದ ಪುಸ್ತಕಗಳು ಎಷ್ಟಿವೆ!

ಮೂರನೆಯದನ್ನು ಕಲಿತದ್ದು ಗುಜರಾತಿನ ತೀರ್ಥ್ ಮೆಹ್ತಾ ಅವರಿಂದ. 2018ರಲ್ಲಿ ಜಕಾರ್ತಾದಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಇ-ಸ್ಪೋರ್ಟ್ಸ್ ಪ್ರದರ್ಶನ ಕ್ರೀಡೆಯಾಗಿತ್ತು. ಅಲ್ಲಿ ಹಾರ್ತ್‌ಸ್ಟೋನ್‌ನಲ್ಲಿ ಭಾರತಕ್ಕೆ ಕಂಚು ತಂದವರು ಅವರು. ಆಗಿನ ದೊಡ್ಡ ಟೂರ್ನಿಗಳ ರೂಢಿ ಏನೆಂದರೆ, ಆಟಗಾರ ನಾಲ್ಕು ಡೆಕ್ ತರಬೇಕು. ಒಂದನ್ನು ಎದುರಾಳಿ ನಿಷೇಧಿಸುತ್ತಾನೆ. ಉಳಿದ ಮೂರರಲ್ಲೂ ಒಂದೊಂದು ಸಲ ಗೆದ್ದರೆ ಮಾತ್ರ ಪಂದ್ಯ ನಿಮ್ಮದು. ನಿಮ್ಮ ಅತ್ಯುತ್ತಮ ಡೆಕ್ ಅನ್ನೇ ಕಿತ್ತುಕೊಂಡರೂ ನಿಲ್ಲುವ ತಯಾರಿ ಬೇಕು. ವಾರಕ್ಕೊಂದು ಬದಲಿಸುವುದಕ್ಕೂ, ಪಳಗಿದ ಮೂರು ನಾಲ್ಕನ್ನು ಇಟ್ಟುಕೊಳ್ಳುವುದಕ್ಕೂ ಅಜಗಜಾಂತರ.

ಕೆಲವೊಮ್ಮೆ ಡೆಕ್ ಅಲ್ಲ, ಆಟವೇ ಹೋಗುತ್ತದೆ. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಹಾರ್ತ್‌ಸ್ಟೋನ್ ಪದಕದ ಆಟ ಎಂದು 2021ರಲ್ಲಿ ಘೋಷಣೆಯಾಗಿತ್ತು. 2023ರ ಜನವರಿಯಲ್ಲಿ ಬ್ಲಿಝಾರ್ಡ್ ಮತ್ತು ಅದರ ಚೀನೀ ಪಾಲುದಾರ ಕಂಪನಿಯ ಒಪ್ಪಂದ ಮುಗಿದು ಆಟ ಅಲ್ಲಿ ಸ್ಥಗಿತವಾಯಿತು. ಕ್ರೀಡಾಕೂಟದ ಪಟ್ಟಿಯಿಂದಲೂ ಹೆಸರು ಹೋಯಿತು. ಅದಕ್ಕಾಗಿ ವರ್ಷಗಟ್ಟಲೆ ತಯಾರಾದವರ ತಪ್ಪು ಏನೂ ಇರಲಿಲ್ಲ. ನೋಟಿಫಿಕೇಷನ್ ಬರುತ್ತದೆ ಎಂದು ಕಾದು ವಯೋಮಿತಿ ದಾಟಿದ ನಮ್ಮ ಅಣ್ಣಂದಿರಿಗೆ ಈ ನೋವು ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಡೆಕ್

ನಾನು 45 ಸಾವಿರ ಕೇಳಲಿಲ್ಲ. ಬದಲಿಗೆ ಘಾಟಿ ಇಳಿದೆ. ಬಸ್ಸಿನಲ್ಲಿ ಹೊಸಂಗಡಿ ದಾಟುವಾಗ ಮೊದಲ ಸಲ ಬೇರೆ ಕಣ್ಣಿನಿಂದ ನೋಡಿದೆ. ನಮ್ಮ ಕಡೆಯ ಮಳೆನೀರನ್ನೇ ಹಿಡಿದು ಅಲ್ಲಿ ನೆಲದಡಿಯಲ್ಲಿ ವಾರಾಹಿ ವಿದ್ಯುದಾಗಾರ 460 ಮೆಗಾವಾಟ್ ಸಾಮರ್ಥ್ಯದಲ್ಲಿ ಕೆಲಸ ಮಾಡುತ್ತದೆ. ಮನೆಯಿಂದ ಒಂದು ಘಾಟಿ ಆಚೆ ನನ್ನ ಬ್ರಾಂಚ್‌ನ ಪಠ್ಯವೆಲ್ಲ ತಿರುಗುತ್ತಾ ನಿಂತಿದೆ, ನಾನು ಮಾತ್ರ ಎರಡು ವರ್ಷ ಬೇರೆಯವರ ಡೆಕ್ ನೋಡಿ ಕೊರಗುತ್ತಿದ್ದೆ.

ಈಗ ಪವರ್ ಸಿಸ್ಟಮ್ಸ್ ಅನ್ನು ಗಟ್ಟಿ ಮಾಡಿಕೊಳ್ಳುತ್ತಿದ್ದೇನೆ. ಅದರ ಜೊತೆಗೆ ಎನ್‌ಪಿಟಿಇಎಲ್‌ನಲ್ಲಿ ಪೈಥಾನ್ ಕಲಿಯುತ್ತಿದ್ದೇನೆ. ಕಲಿಯಲು ಶುಲ್ಕವಿಲ್ಲ, ಪರೀಕ್ಷೆ ಬೇಕೆನ್ನುವವರು ಮಾತ್ರ ಹಣ ಕಟ್ಟಬೇಕು. ಎಐ ಬೇಡ ಎಂದಲ್ಲ, ನನ್ನ ಡೆಕ್‌ಗೆ ಯಾವ ಎರಡು ಕಾರ್ಡ್ ಬೇಕೋ ಅಷ್ಟನ್ನೇ ಅಲ್ಲಿಂದ ತೆಗೆದುಕೊಳ್ಳುತ್ತಿದ್ದೇನೆ. ಕೋರ್ಸ್‌ಗೆ ಸೇರಿದ ರೂಮಿನವರಲ್ಲಿ ಇಬ್ಬರು ಚೆನ್ನಾಗಿ ಕಲಿಯುತ್ತಿದ್ದಾರೆ, ಒಬ್ಬ ಬಿಟ್ಟಿದ್ದಾನೆ. ಯಾರು ಸರಿ ಎಂದು ಹೇಳಲು ಮೂರು ಜನರ ಲೆಕ್ಕ ಸಾಲದು. ನನ್ನ ನಿರ್ಧಾರ ಗೆಲ್ಲುತ್ತದೆಂದೂ ನಾನು ಬರೆದುಕೊಡಲಾರೆ. ಪ್ಲೇಸ್‌ಮೆಂಟ್ ಇನ್ನೂ ಮುಂದಿದೆ. ಆದರೆ ಸೋತರೆ ನನ್ನದೇ ಲೆಕ್ಕದಲ್ಲಿ ಸೋಲುತ್ತೇನೆ, ಅಪ್ಪನ ತೋಟದ ಮೇಲಿನ ಸಾಲದಲ್ಲಲ್ಲ.

ಮೊನ್ನೆ ಫೋನ್ ಮಾಡಿದಾಗ ಅಪ್ಪ, ‘ಕೊಳೆಗೆ ಎರಡನೇ ಸಲ ಔಷಧಿ ಹೊಡೆಸಿ ಆಯ್ತು, ಈ ಸಲ ಕಾಯಿ ನಿಂತಿದೆ’ ಅಂದರು. ಆಮೇಲೆ, ‘ನಿನ್ನ ಇಸ್ಪೀಟು ಎಲ್ಲಿಗೆ ಬಂತೋ?’ ಎಂದು ಕೇಳಿದರು.

‘ಒಂದನೇ ತಾರೀಕು ಅಲ್ವಾ ಅಪ್ಪ, ಎಲ್ಲರೂ ಮತ್ತೆ ಕೆಳಗಿಂದ ಶುರು’ ಎಂದೆ.